ಹಿತ್ತಲ ನಿಂಬೆ ಗಿಡ ಕಾಯಿ ಬಿಡುವುದನ್ನು ನಿಲ್ಲಿಸಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಮುಖ್ಯವಾಗಿ ನಮ್ಮ ಕಡೆಯ ಮನೆಗಳ ಹಿತ್ತಲಲ್ಲಿ ಕಾಣುವ ಕಾಗ್ಜಿ ನಿಂಬೆಗೆ, ಅಂದರೆ ಉಪ್ಪಿನಕಾಯಿ, ಚಿತ್ರಾನ್ನಕ್ಕೆ ಬಳಸುವ ತೆಳು ಸಿಪ್ಪೆಯ ನಿಂಬೆಗೆ ಸಂಬಂಧಿಸಿದವು. ಮೋಸಂಬಿ, ಕಿತ್ತಳೆ, ಚಕ್ಕೋತ, ಗಜನಿಂಬೆ, ಹೇರಳೆ ಗಿಡಗಳಿಗೂ ಬಹುಪಾಲು ಅನ್ವಯಿಸುತ್ತವೆ. ವ್ಯತ್ಯಾಸ ಇರುವ ಕಡೆ ಬೇರೆಯಾಗಿ ಹೇಳಿದ್ದೇವೆ.

ಗಿಡ ಎರಡು ವರ್ಷದಿಂದ ಕಾಯಿ ಬಿಟ್ಟಿಲ್ಲ. ಮೊದಲು ಯಾವ ಗೊಬ್ಬರ ಹಾಕಬೇಕು?

ಯಾವುದನ್ನೂ ಹಾಕಬೇಡಿ. ಮೊದಲು ಗಿಡ ಎಲ್ಲಿಗೆ ಬಂದು ನಿಂತಿದೆ ಎಂದು ನೋಡಿ. ಹೂವೇ ಬರುತ್ತಿಲ್ಲವೇ? ಹೂ ಬಂದು ಕಾಯಿ ಕಚ್ಚದೆ ಉದುರುತ್ತಿದೆಯೇ? ಬಟಾಣಿ ಗಾತ್ರದ ಹೀಚಾಗಿ ಉದುರುತ್ತಿದೆಯೇ? ಅಥವಾ ಕಾಯಿ ಬಲಿತ ಮೇಲೆ ಕೊಳೆತು ಬೀಳುತ್ತಿದೆಯೇ? ಈ ನಾಲ್ಕಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಹೂವೇ ಬರದ ಗಿಡಕ್ಕೆ ಯೂರಿಯಾ ಸುರಿದರೆ ಇನ್ನೊಂದು ವರ್ಷ ಬರೀ ಎಲೆ. ಹೀಚು ಉದುರಿಸುವ ಗಿಡಕ್ಕೆ ನೀರು ನಿಲ್ಲಿಸಿದರೆ ಉಳಿದ ಹೀಚೂ ಹೋಗುತ್ತದೆ. ಹಿತ್ತಲ ನಿಂಬೆ ಗಿಡಗಳು ಕೆಡುವುದು ಹೆಚ್ಚಾಗಿ ಆರೈಕೆ ಇಲ್ಲದೆ ಅಲ್ಲ, ತಪ್ಪು ಹೊತ್ತಿನಲ್ಲಿ ಮಾಡಿದ ಆರೈಕೆಯಿಂದ.

ಹೂವಿನ ಕಾಲದಲ್ಲಿ ಗಿಡದ ಕೆಳಗೆ ಹಳೆಯ ಬಿಳಿ ಪಂಚೆ ಹಾಸಿ, ಬೆಳಿಗ್ಗೆ ಎದ್ದು ನೋಡಿ. ಏನು ಉದುರಿದೆ, ಯಾವ ಗಾತ್ರದಲ್ಲಿ ಉದುರಿದೆ ಎನ್ನುವುದು ಒಂದು ವಾರದಲ್ಲಿ ಗೊತ್ತಾಗುತ್ತದೆ.

ನೆಟ್ಟು ಎಷ್ಟು ವರ್ಷಕ್ಕೆ ಕಾಯಿ ಬರಬೇಕು?

ಬೀಜದಿಂದ ಬಂದ ಕಾಗ್ಜಿ ನಿಂಬೆಗೆ ಮೂರರಿಂದ ಐದು ವರ್ಷ ಬೇಕು. ನೆರಳಿನಲ್ಲಿದ್ದರೆ ಇನ್ನೂ ತಡ. ಗೂಟಿ (ರೆಂಬೆಗೇ ಬೇರು ಬರಿಸಿ ಬೇರ್ಪಡಿಸಿದ) ಗಿಡ ಅಥವಾ ಕಸಿ ಗಿಡ ಎರಡು ಮೂರು ವರ್ಷಕ್ಕೆ ಹೂ ಬಿಡುತ್ತದೆ. ತಿಂದ ಚಕ್ಕೋತದ ಬೀಜ ಊರಿ ಬೆಳೆಸಿದ ಗಿಡವಾದರೆ ಏಳೆಂಟು ವರ್ಷ ಕಾಯಬೇಕಾದೀತು. ಗಿಡಕ್ಕೆ ಇನ್ನೂ ವಯಸ್ಸೇ ಆಗಿಲ್ಲದಿದ್ದರೆ ಮುಂದಿನ ಉಪಾಯಗಳೆಲ್ಲ ವ್ಯರ್ಥ.

ಎಲೆ ಕಡುಹಸಿರು, ಗಿಡ ಸೊಂಪಾಗಿದೆ. ಆದರೆ ಒಂದು ಹೂವೂ ಇಲ್ಲ. ಏಕೆ?

ಗಿಡ ಸೊಕ್ಕಿದೆ. ನಿಂಬೆ ಜಾತಿಯ ಗಿಡಗಳು ಬೆಳವಣಿಗೆ ಸ್ವಲ್ಪ ಕಾಲ ನಿಂತ ಮೇಲೆ ಹೊಸ ಚಿಗುರಿನ ಜೊತೆ ಹೂ ಬಿಡುತ್ತವೆ. ಚಳಿ ಇರುವ ದೇಶಗಳಲ್ಲಿ ಆ ವಿರಾಮವನ್ನು ಚಳಿ ಕೊಡುತ್ತದೆ. ನಮ್ಮಲ್ಲಿ ಅದನ್ನು ಕೊಡಬೇಕಾದದ್ದು ಒಣಹವೆ. ವರ್ಷವಿಡೀ ಬುಡ ಒದ್ದೆಯಾಗಿದ್ದರೆ ಗಿಡಕ್ಕೆ ನಿಲ್ಲುವ ಕಾರಣವೇ ಸಿಗುವುದಿಲ್ಲ, ಚಿಗುರುತ್ತಲೇ ಇರುತ್ತದೆ.

ಇದಕ್ಕೆ ಅತಿ ಸಾಮಾನ್ಯ ಕಾರಣ ಬಚ್ಚಲು ನೀರು. ಹಿತ್ತಲಲ್ಲಿ ನಿಂಬೆ ಗಿಡ ನೆಡುವ ಜಾಗವೇ ಬಚ್ಚಲು ಮೋರಿಯ ಪಕ್ಕ. ಮೊದಮೊದಲು ಗಿಡ ಚೆನ್ನಾಗಿ ಎದ್ದು ಕಾಯಿಯನ್ನೂ ಬಿಡುತ್ತದೆ. ಮನೆಯಲ್ಲಿ ಜನ ಹೆಚ್ಚಾಗಿ, ವಾಷಿಂಗ್ ಮೆಷಿನ್ ಬಂದು, ನೀರು ಹೆಚ್ಚಾದಂತೆ ಹೂ ಕಡಿಮೆಯಾಗುತ್ತದೆ. ಸೋಪಿನ ಪುಡಿಯ ಉಪ್ಪು ಮಣ್ಣಿನಲ್ಲಿ ಕೂರುವುದು ಬೇರೆ. ನಿಂಬೆ ಬೇರು ಉಪ್ಪನ್ನು ತಾಳುವುದಿಲ್ಲ, ಎಲೆಯ ತುದಿ ಸುಟ್ಟಂತಾದರೆ ಅದರ ಗುರುತು. ಆರ್‌ಒ ಫಿಲ್ಟರ್ ಹೊರಹಾಕುವ ನೀರಿಗೂ ಇದೇ ಮಾತು. ಮೋರಿಯನ್ನು ಬಾಳೆಯ ಬುಡಕ್ಕೆ ತಿರುಗಿಸಿ.

ಎರಡನೆಯದು ಸಾರಜನಕ. ಹೂಗಿಡ, ಹುಲ್ಲುಹಾಸಿಗೆಂದು ಹಾಕಿದ ಯೂರಿಯಾ, ಹೊಸ ಕೋಳಿ ಗೊಬ್ಬರ, ಪಕ್ಕದಲ್ಲೇ ಇರುವ ತಿಪ್ಪೆ ಇವೆಲ್ಲ ಎಲೆಗೇ ಹೋಗುತ್ತವೆ.

ಮೂರನೆಯದು ಬಿಸಿಲು. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಮೊದಲು ಕಾಯಿ ಬಿಡುತ್ತಿದ್ದ ಗಿಡ ನಿಲ್ಲಿಸಿದ್ದರೆ, ಈ ನಡುವೆ ಸುತ್ತಮುತ್ತ ಏನು ಬದಲಾಯಿತು ಎಂದು ನೆನಪಿಸಿಕೊಳ್ಳಿ. ಪಕ್ಕದ ಮನೆಗೆ ಎರಡನೇ ಮಹಡಿ ಎದ್ದಿತೇ? ಮಾವಿನ ಮರ ಮೇಲೆ ಹರಡಿತೇ? ಬೆಂಗಳೂರಿನ 30×40 ಸೈಟುಗಳಲ್ಲಿ ಇದೇ ದೊಡ್ಡ ಕಾರಣ, ಇದಕ್ಕೆ ಗೊಬ್ಬರದಲ್ಲಿ ಮದ್ದಿಲ್ಲ.

ನೀರು ನಿಲ್ಲಿಸಿ ಹೂ ಬರಿಸುವುದು ಹೇಗೆ? ಗಿಡ ಒಣಗಿ ಹೋಗುವುದಿಲ್ಲವೇ?

ನಿಂಬೆ ವರ್ಷದಲ್ಲಿ ಮೂರು ಸಲ ಹೂವಿಗೆ ಬರಬಲ್ಲದು: ಜನವರಿ–ಫೆಬ್ರವರಿಯ ಅಂಬೆ ಬಹಾರ್, ಜೂನ್–ಜುಲೈಯ ಮೃಗ ಬಹಾರ್, ಸೆಪ್ಟೆಂಬರ್–ಅಕ್ಟೋಬರಿನ ಹಸ್ತ ಬಹಾರ್. ಹೂವಿನಿಂದ ಕೊಯ್ಲಿಗೆ ಐದಾರು ತಿಂಗಳು. ಬೇಸಿಗೆಯಲ್ಲಿ ಹಣ್ಣು ಬೇಕೆಂದರೆ ಹಸ್ತ ಬಹಾರ್ ಹಿಡಿಯಬೇಕು. ಇಂಡಿ, ಸಿಂದಗಿ ಕಡೆಯ ಲಿಂಬೆ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು, ಬೇಸಿಗೆಯ ದರ ಸಿಗುವುದು ಆ ಹಣ್ಣಿಗೇ. ಆದರೆ ಮಳೆಗಾಲದ ಕೊನೆಯಲ್ಲಿ ಮಣ್ಣು ಒಣಗಿಸುವುದು ಕಷ್ಟ. ಮನೆಯ ಒಂದು ಗಿಡಕ್ಕೆ ಅಂಬೆ ಬಹಾರ್ ಸುಲಭ.

ಡಿಸೆಂಬರ್ ಮೊದಲ ವಾರದಲ್ಲಿ ಗಿಡದಲ್ಲಿರುವ ಬಲಿತ ಕಾಯಿಗಳನ್ನೆಲ್ಲ ಕೊಯ್ದು ನೀರು ಪೂರ್ತಿ ನಿಲ್ಲಿಸಿ. ಕೆಂಪು ಮಣ್ಣಾದರೆ ಎರಡರಿಂದ ಮೂರು ವಾರ, ಎರೆ ಮಣ್ಣಾದರೆ ಮೂರರಿಂದ ನಾಲ್ಕು ವಾರ. ಆದರೆ ಕ್ಯಾಲೆಂಡರಿಗಿಂತ ಎಲೆಯನ್ನು ನಂಬಿ. ಮಧ್ಯಾಹ್ನ ಎಲೆ ದೋಣಿಯಂತೆ ಮಡಚಿ, ಸಂಜೆಗೆ ಮತ್ತೆ ಬಿಚ್ಚಿಕೊಂಡರೆ ಇನ್ನೂ ಸಮಯವಿದೆ. ಬೆಳಿಗ್ಗೆ ಏಳಕ್ಕೂ ಮಡಚಿಯೇ ಇದ್ದು, ಹಳೆಯ ಎಲೆ ಹಳದಿಯಾಗಿ ಉದುರತೊಡಗಿದರೆ ಸಾಕು. ಕಾಲು ಭಾಗದಷ್ಟು ಎಲೆ ಉದುರಿದರೆ ಅಲ್ಲಿಗೆ ಮಿತಿ, ಅದರಾಚೆ ರೆಂಬೆಗಳು ತುದಿಯಿಂದ ಒಣಗುತ್ತವೆ.

ಆಮೇಲೆ ಪಾತಿಯ ಮೇಲ್ಮಣ್ಣನ್ನು ಕಳೆ ಕೀಳುವ ಕುರ್ಚಿಗೆಯಲ್ಲಿ ಎರಡು ಮೂರು ಇಂಚಿನಷ್ಟು ಮಾತ್ರ ಸಡಿಲಿಸಿ, ಗೊಬ್ಬರ ಕೊಟ್ಟು, ಮೊದಲ ದಿನ ಹಗುರವಾಗಿ ನೀರು ಹಾಯಿಸಿ. ಮೂರು ನಾಲ್ಕು ದಿನ ಬಿಟ್ಟು ಪಾತಿ ತುಂಬ ನೀರು ಕೊಡಿ. ಮೊದಲ ದಿನವೇ ತುಂಬಿದರೆ ಎಲೆ ಇನ್ನಷ್ಟು ಉದುರುತ್ತದೆ. ಮೂರು ನಾಲ್ಕು ವಾರದಲ್ಲಿ ಚಿಗುರಿನ ಜೊತೆ ಮೊಗ್ಗು ಕಾಣಬೇಕು.

ನಾಲ್ಕು ವರ್ಷದೊಳಗಿನ ಗಿಡ, ಕುಂಡದ ಗಿಡ, ಮರಳು ಮಣ್ಣಿನ ಗಿಡ, ಈಗಾಗಲೇ ರೋಗದಿಂದ ಸೊರಗಿದ ಗಿಡ ಇವುಗಳಿಗೆ ಇದನ್ನು ಮಾಡಲೇಬೇಡಿ.

ನಮ್ಮದು ಮಲೆನಾಡು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಒಣಗುವುದೇ ಇಲ್ಲ.

ಮಲೆನಾಡು, ಕರಾವಳಿಯಲ್ಲಿ ನಿಮ್ಮ ಕೈಲಿರುವುದು ಮಳೆ ನಿಂತ ಮೇಲಿನ ಕಾಲ. ಡಿಸೆಂಬರಿನಲ್ಲಿ ನೀರು ಕೊಡಬೇಡಿ, ಹೂ ಕಂಡ ಮೇಲೆ ತಪ್ಪಿಸಬೇಡಿ. ಮಳೆಗಾಲಕ್ಕೆ ಮೊದಲು ಬುಡಕ್ಕೆ ಮಣ್ಣೇರಿಸಿ ನೀರು ಹೊರಗೆ ಹರಿಯುವಂತೆ ಬಸಿಗಾಲುವೆ ಮಾಡಿ. ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು, ಪೋಷಕಾಂಶ ಮಳೆಯಲ್ಲಿ ತೊಳೆದುಹೋಗುತ್ತದೆ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ 5.5ಕ್ಕಿಂತ ಕಡಿಮೆ ಬಂದರೆ ಕೃಷಿ ಸುಣ್ಣ ಬೇಕು. ಅಡಿಕೆ ತೋಟದ ನೆರಳಿನೊಳಗೆ ನೆಟ್ಟ ನಿಂಬೆ ಉದ್ದವಾಗಿ ಬೆಳೆಯುತ್ತದೆ, ಕಾಯಿ ಬಿಡುವುದಿಲ್ಲ. ಅಂಥ ಜಾಗಕ್ಕೆ ಹೇರಳೆ, ಕಂಚಿ ಹೊಂದಿಕೊಳ್ಳುವಷ್ಟು ಕಾಗ್ಜಿ ನಿಂಬೆ ಹೊಂದಿಕೊಳ್ಳುವುದಿಲ್ಲ.

ಗಿಡದ ತುಂಬ ಹೂ. ಆದರೆ ಎಲ್ಲ ಉದುರಿ ಹೋಗುತ್ತದೆ.

ಬಹುಪಾಲು ಉದುರುವುದು ಸಹಜ. ನೂರು ಹೂವಿನಲ್ಲಿ ಬೆರಳೆಣಿಕೆಯಷ್ಟು ಕಾಯಾದರೂ ಗಿಡಕ್ಕೆ ಹೊರುವಷ್ಟಾಗುತ್ತದೆ. ಒಂದೂ ನಿಲ್ಲದಿದ್ದರೆ ಮಾತ್ರ ಚಿಂತೆ.

ಮೊದಲ ಕಾರಣ ನೀರಿನ ಏರುಪೇರು. ಫೆಬ್ರವರಿಯ ಹೂ ಮಾರ್ಚ್–ಏಪ್ರಿಲ್ ಬಿಸಿಲಿಗೆ ಹೀಚಾಗಿರುತ್ತದೆ. ಹದಿನೈದು ದಿನ ಮರೆತು ಒಂದು ದಿನ ಪಾತಿ ತುಂಬಿಸಿದರೆ ಗಿಡ ಹೀಚನ್ನೇ ಮೊದಲು ಬಿಡುತ್ತದೆ. ಬೇಸಿಗೆಯಲ್ಲಿ ಕೆಂಪು ಮಣ್ಣಿಗೆ ನಾಲ್ಕೈದು ದಿನಕ್ಕೊಮ್ಮೆ, ಎರೆ ಮಣ್ಣಿಗೆ ಏಳೆಂಟು ದಿನಕ್ಕೊಮ್ಮೆ, ತಪ್ಪದೆ. ಒಣಎಲೆ ಅಥವಾ ತೆಂಗಿನ ಗರಿಯನ್ನು ಮೂರು ನಾಲ್ಕು ಇಂಚು ದಪ್ಪ ಮುಚ್ಚಿಗೆ ಹಾಕಿ, ಕಾಂಡದಿಂದ ಒಂದು ಅಡಿ ದೂರ ಬಿಟ್ಟು.

ಎರಡನೆಯದು ಹೂವಿನ ಹೊತ್ತಿನಲ್ಲಿ ಕೀಟನಾಶಕ ಹೊಡೆಯುವುದು. ಕಾಗ್ಜಿ ನಿಂಬೆ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ಜೋಡಿ ಗಿಡ ಬೇಕಿಲ್ಲ. ಆದರೂ ಜೇನು ಓಡಾಡಿದ ಗಿಡದಲ್ಲಿ ಕಾಯಿ ಹೆಚ್ಚು. ಮೊಗ್ಗು ಬಿರಿದ ಮೇಲೆ ದಳ ಉದುರುವವರೆಗೆ ಬೇವಿನೆಣ್ಣೆಯೂ ಬೇಡ.

ಮೂರನೆಯದು ಥ್ರಿಪ್ಸ್ ನುಸಿ. ಹೂವನ್ನು ಬಿಳಿ ಕಾಗದದ ಮೇಲೆ ಕೊಡವಿ. ಹಳದಿ ಸೂಜಿಮೊನೆಯಂಥ ಹುಳುಗಳು ಓಡಿದರೆ ಅವೇ. ಉಳಿದ ಕಾಯಿಯ ತೊಟ್ಟಿನ ಸುತ್ತ ಬೂದು ಬಣ್ಣದ ಉಂಗುರದ ಕಲೆ ಬೀಳುತ್ತದೆ. ಮುಂದಿನ ಸಲ ಮೊಗ್ಗು ಬಿರಿಯುವ ಮೊದಲೇ ಒಮ್ಮೆ, ದಳ ಉದುರಿದ ಮೇಲೆ ಒಮ್ಮೆ, ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಿನಲ್ಲಿ ಕದಡಿ ಸಂಜೆ ಸಿಂಪಡಿಸಿ.

ಚಕ್ಕೋತ ಹೂ ಬಿಡುತ್ತದೆ, ಕಾಯಿ ಒಂದೆರಡು ಮಾತ್ರ.

ಚಕ್ಕೋತದ ವಿಚಾರ ಬೇರೆ. ಎಷ್ಟೋ ಚಕ್ಕೋತ ಗಿಡಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ದೇವನಹಳ್ಳಿ ಸೀಮೆಯಂತೆ ಆಸುಪಾಸಿನಲ್ಲಿ ಹಲವು ಗಿಡಗಳಿದ್ದ ಕಡೆ ತೊಂದರೆ ಕಾಣದು, ಒಂಟಿ ಗಿಡದಲ್ಲಿ ಕಾಣುತ್ತದೆ. ಬೇರೆ ಚಕ್ಕೋತ ಅಥವಾ ಬೇರೆ ನಿಂಬೆ ಜಾತಿಯ ಗಿಡದ ಆಗತಾನೆ ಬಿರಿದ ಹೂ ತಂದು, ಅದರ ಹಳದಿ ಪರಾಗವನ್ನು ನಿಮ್ಮ ಹೂವಿನ ನಡುವೆ ನಿಂತ ಕಡ್ಡಿಯ (ಶಲಾಕೆಯ) ಅಂಟಂಟಾದ ತುದಿಗೆ ಬೆಳಿಗ್ಗೆ ಸವರಿ ನೋಡಿ. ಹತ್ತಿಪ್ಪತ್ತು ಹೂವಿಗೆ ಮಾಡಿ ದಾರ ಕಟ್ಟಿಟ್ಟರೆ ವ್ಯತ್ಯಾಸ ತಿಳಿಯುತ್ತದೆ.

ಗೊಬ್ಬರ ಎಷ್ಟು, ಯಾವಾಗ?

ಐದಾರು ವರ್ಷ ದಾಟಿದ ಗಿಡಕ್ಕೆ ತೋಟದ ಲೆಕ್ಕ ವರ್ಷಕ್ಕೆ 600 ಗ್ರಾಂ ಸಾರಜನಕ, 200 ಗ್ರಾಂ ರಂಜಕ, 300 ಗ್ರಾಂ ಪೊಟ್ಯಾಷ್, ಜೊತೆಗೆ 25–30 ಕಿಲೊ ಕೊಟ್ಟಿಗೆ ಗೊಬ್ಬರ. ಚೀಲದ ಲೆಕ್ಕದಲ್ಲಿ ಇದು ಸುಮಾರು 1.3 ಕಿಲೊ ಯೂರಿಯಾ, 1.25 ಕಿಲೊ ಸೂಪರ್ ಫಾಸ್ಫೇಟ್, ಅರ್ಧ ಕಿಲೊ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಮನೆಬಳಕೆಗೆ ಇದರ ಅರ್ಧ ಸಾಕು ಎನ್ನುವುದು ನಮ್ಮ ಅಭಿಪ್ರಾಯ. ಕೊಟ್ಟಿಗೆ ಗೊಬ್ಬರ ಮಾತ್ರ ಪೂರ್ತಿ ಕೊಡಿ, ಚೆನ್ನಾಗಿ ಕಳಿತದ್ದು. ಒಂದೆರಡು ಕಿಲೊ ಬೇವಿನ ಹಿಂಡಿ ಸೇರಿಸಿದರೆ ಒಳ್ಳೆಯದು.

ಯೂರಿಯಾವನ್ನು ಮೂರು ಪಾಲು ಮಾಡಿ: ಒಂದು ನೀರು ನಿಲ್ಲಿಸಿ ಮತ್ತೆ ಕೊಡುವಾಗ, ಒಂದು ಕಾಯಿ ಗೋಲಿ ಗಾತ್ರಕ್ಕೆ ಬಂದಾಗ, ಒಂದು ಮುಂಗಾರು ಹಿಡಿದ ಮೇಲೆ. ಸೂಪರ್ ಫಾಸ್ಫೇಟ್ ಮೊದಲ ಕಂತಿನಲ್ಲೇ. ಪೊಟ್ಯಾಷ್ ಮೊದಲೆರಡು ಕಂತಿನಲ್ಲಿ. ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಮ್ಯೂರಿಯೇಟ್ ಬದಲು ಸಲ್ಫೇಟ್ ಆಫ್ ಪೊಟ್ಯಾಷ್ ಕೊಳ್ಳಿ.

ಜಾಗ ಮುಖ್ಯ. ಆಹಾರ ಹೀರುವ ಬೇರುಗಳು ಕಾಂಡದ ಬಳಿ ಇಲ್ಲ. ಕಾಂಡದಿಂದ ಎರಡು ಅಡಿ ಬಿಟ್ಟು, ನಡುಹಗಲ ನೆರಳಿನ ಅಂಚಿನವರೆಗೆ ಸುತ್ತಲೂ ಉದುರಿಸಿ, ಮೇಲ್ಮಣ್ಣಿಗೆ ಬೆರೆಸಿ, ನೀರು ಕೊಡಿ. ಗುದ್ದಲಿಯಲ್ಲಿ ಅಗೆಯಬೇಡಿ. ನಿಂಬೆಯ ಈ ಬೇರುಗಳು ಹೆಚ್ಚಾಗಿ ಮೇಲಿನ ಒಂದು ಅಡಿ ಮಣ್ಣಿನಲ್ಲೇ ಹರಡಿರುತ್ತವೆ.

ಎಲೆ ಹಳದಿಯಾಗಿದೆ. ಪೋಷಕಾಂಶದ ಕೊರತೆಯೋ, ರೋಗವೋ?

ಹೊಸ ಎಲೆ ಚಿಕ್ಕದಾಗಿ, ಕಿರಿದಾಗಿ, ನರಗಳ ನಡುವೆ ಹಳದಿ ಪಟ್ಟೆಯಾಗಿದ್ದರೆ ಸತು. ಹೊಸ ಎಲೆ ಪೂರ್ತಿ ಬಿಳಿಚಿ, ನರಗಳು ಮಾತ್ರ ಹಸಿರು ಬಲೆಯಂತೆ ಕಂಡರೆ ಕಬ್ಬಿಣ, ಸುಣ್ಣಕಲ್ಲಿರುವ ಎರೆ ಮಣ್ಣಿನಲ್ಲಿ ಇದು ಹೆಚ್ಚು. ಹಳೆಯ ಎಲೆಯಲ್ಲಿ ತೊಟ್ಟಿನ ಬಳಿ ತಲೆಕೆಳಗಾದ ‘ವಿ’ ಆಕಾರದ ಹಸಿರು ಉಳಿದು ಮಿಕ್ಕಿದ್ದು ಹಳದಿಯಾದರೆ ಮೆಗ್ನೀಸಿಯಂ.

ಸತುವಿಗೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್ ಮತ್ತು 2.5 ಗ್ರಾಂ ಅರಳಿದ ಸುಣ್ಣ. ಸುಣ್ಣ ಬಿಟ್ಟರೆ ಎಲೆ ಸುಡುತ್ತದೆ. ಕಬ್ಬಿಣಕ್ಕೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ. ಮೆಗ್ನೀಸಿಯಂಗೆ 10 ಗ್ರಾಂ ಎಪ್ಸಮ್ ಸಾಲ್ಟ್. ಹೊಸ ಚಿಗುರು ಬಿಚ್ಚಿ ಇನ್ನೂ ಎಳೆಯದಾಗಿರುವಾಗ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಬೇರೆ ಬೇರೆ ಬೆರೆಸುವುದು ಬೇಸರವಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಸಿಟ್ರಸ್ ಸ್ಪೆಷಲ್’ ಪುಡಿ ಸಿಗುತ್ತದೆ, ಪೊಟ್ಟಣದ ಮೇಲಿನ ಅಳತೆಯಂತೆ ಬಳಸಿ.

ಈಗ ರೋಗದ ಪ್ರಶ್ನೆ. ಹಳದಿ ಇರುವ ಎಲೆ ಕಿತ್ತು, ನಡುನರದ ಎರಡೂ ಬದಿ ಒಂದೇ ಮಟ್ಟದಲ್ಲಿ ಪೆನ್ನಿನಿಂದ ಒಂದೊಂದು ವೃತ್ತ ಬರೆಯಿರಿ. ಎರಡೂ ವೃತ್ತದೊಳಗಿನ ಹಳದಿ ಒಂದೇ ಬಗೆ ಇದ್ದರೆ ಕೊರತೆ. ಒಂದು ಹಸಿರು, ಇನ್ನೊಂದು ಹಳದಿ, ತೇಪೆ ಹಾಕಿದಂತಿದ್ದರೆ ಗ್ರೀನಿಂಗ್ ರೋಗದ ಅನುಮಾನ. ಆ ಗಿಡದ ಕಾಯಿ ಸೊಟ್ಟಗೆ ಬೆಳೆಯುತ್ತದೆ, ಬೀಜ ಜೊಳ್ಳಾಗಿರುತ್ತದೆ, ಹಣ್ಣಾದರೂ ಒಂದು ಬದಿ ಹಸಿರಾಗಿಯೇ ಉಳಿಯುತ್ತದೆ. ಸಿಲ್ಲಾ ಎಂಬ ಸಣ್ಣ ಜಿಗಿಹುಳು ಇದನ್ನು ಹರಡುತ್ತದೆ. ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದಕ್ಕೆ ಈ ರೋಗವೂ ಒಂದು ಕಾರಣ. ಇದಕ್ಕೆ ಔಷಧ ಇಲ್ಲ.

ಮೋಸಂಬಿ ಗಿಡ ಈಗ ಸಣ್ಣ, ವಿಪರೀತ ಹುಳಿಯ ಕಾಯಿ ಬಿಡುತ್ತಿದೆ.

ಅದು ಮೋಸಂಬಿ ಅಲ್ಲ. ಮೋಸಂಬಿ, ಕಿತ್ತಳೆಗಳನ್ನು ರಂಗಪುರ ನಿಂಬೆ ಅಥವಾ ಜಂಬೇರಿಯ ಬೇರಿಗೆ ಕಣ್ಣು ಕಸಿ ಮಾಡಿರುತ್ತಾರೆ. ಕಸಿಯ ಗಂಟಿನ ಕೆಳಗಿನಿಂದ ಎದ್ದ ಚಿಗುರನ್ನು ಹಾಗೇ ಬಿಟ್ಟರೆ ಎರಡು ಮೂರು ವರ್ಷದಲ್ಲಿ ಅದೇ ಗಿಡವಾಗುತ್ತದೆ, ಮೇಲಿನ ಮೋಸಂಬಿ ಸೊರಗುತ್ತದೆ. ಬುಡದಿಂದ ಅರ್ಧ ಅಡಿ ಮೇಲೆ ಗಂಟು ಹುಡುಕಿ. ಅದರ ಮೇಲಿನ ಭಾಗ ಇನ್ನೂ ಹಸಿರಿದ್ದರೆ ಕೆಳಗಿನ ಕವಲನ್ನು ಕಾಂಡಕ್ಕೆ ಸರಿಯಾಗಿ ಕೊಯ್ದು ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣದ ಲೇಪ; ಮಾಡುವ ಬಗೆ ಕೆಳಗೆ ಗೋಂದು ರೋಗದ ಉತ್ತರದಲ್ಲಿದೆ) ಹಚ್ಚಿ. ಮೇಲಿನದು ಸತ್ತಿದ್ದರೆ ಹೊಸ ಗಿಡವೇ ಗತಿ.

ಚೆನ್ನಾಗಿ ಕಡಿದರೆ ಚಿಗುರಿ ಕಾಯಿ ಬಿಡುತ್ತದೆಯೇ?

ಬೋಳಿಸಿದರೆ ಒಂದು ವರ್ಷದ ಫಸಲು ಹೋಗುತ್ತದೆ. ತೆಗೆಯಬೇಕಾದ್ದು ಒಣ ರೆಂಬೆ, ಒಳಗೆ ತಿಕ್ಕಾಡುವ ರೆಂಬೆ, ನೆಲ ಮುಟ್ಟುವ ರೆಂಬೆ, ಮತ್ತು ನೀರುಚಿಗುರು. ನೆಟ್ಟಗೆ ಮೇಲಕ್ಕೆ ಹೋಗುವ, ಮೂಲೆಮೂಲೆಯಾದ ಹಸಿರು ಕಾಂಡದ, ಉದ್ದ ಮುಳ್ಳಿನ, ದೊಡ್ಡ ಎಲೆಯ ಕೊಂಬೆಗಳೇ ನೀರುಚಿಗುರು. ಬಂದಳಿಕೆ ಕಂಡರೆ ಅದು ಬೇರೂರಿದ ಜಾಗದಿಂದ ಅರ್ಧ ಅಡಿ ಕೆಳಗೆ ರೆಂಬೆ ಸಮೇತ ಕತ್ತರಿಸಿ.

ಬುಡದಲ್ಲಿ ಅಂಟು ಸೋರುತ್ತಿದೆ. ಇದಕ್ಕೂ ಕಾಯಿಗೂ ಸಂಬಂಧ ಇದೆಯೇ?

ಇದೆ. ಇದು ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯಿಂದ ಬರುವ ಗೋಂದು ರೋಗ. ತೊಗಟೆ ಕೊಳೆತಂತೆ ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದಿಲ್ಲ. ಗಿಡ ಸಾಯುವ ಮುನ್ನ ಒಂದು ಸಲ ವಿಪರೀತ ಹೂ ಬಿಟ್ಟು, ಚಿಕ್ಕ ಕಾಯಿ ಕಟ್ಟಿ, ಆಮೇಲೆ ನಿಂತುಬಿಡುವುದುಂಟು. ಹಿಂದಿನ ವರ್ಷ ಜಾಸ್ತಿ ಬಿಟ್ಟು ಈ ವರ್ಷ ಏನೂ ಇಲ್ಲ ಎನ್ನುವವರು ಮೊದಲು ಬುಡ ನೋಡಿ.

ಹರಿತವಾದ ಚಾಕುವಿನಿಂದ ಕಂದು ತೊಗಟೆಯನ್ನು ಆರೋಗ್ಯವಾದ ಭಾಗ ಸಿಗುವವರೆಗೆ ಹೆರೆದು, ತುಣುಕುಗಳನ್ನು ಆರಿಸಿ ಸುಡಿ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ, ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಗಳಲ್ಲಿ ಬೇರೆ ಬೇರೆ ಕದಡಿ. ಸುಣ್ಣ ತಣ್ಣಗಾದ ಮೇಲೆ ತುತ್ತದ ನೀರನ್ನು ಅದಕ್ಕೆ ಸುರಿಯುತ್ತ ಕಲಸಿ. ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿದಾಗ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಇದೇ ಬೋರ್ಡೋ ಮುಲಾಮು. ಗಾಯಕ್ಕೂ, ನೆಲದಿಂದ ಎರಡು ಮೂರು ಅಡಿವರೆಗಿನ ಕಾಂಡಕ್ಕೂ ಬಳಿಯಿರಿ. ಮುಂಗಾರಿಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ. ಕಾಂಡದ ಸುತ್ತ ಒಂದು ಅಡಿ ಅಗಲ ಮಣ್ಣು ಏರಿಸಿ, ಅದರಾಚೆ ಪಾತಿ ಮಾಡಿ, ನೀರು ಕಾಂಡಕ್ಕೆ ತಾಗಲೇಬಾರದು.

ಹುಳುಗಳಲ್ಲಿ ಯಾವುದು ನಿಜಕ್ಕೂ ಫಸಲು ಕಡಿಮೆ ಮಾಡುತ್ತದೆ?

ಎಲೆಯ ಮೇಲೆ ಬೆಳ್ಳಿಗೆರೆ ಎಳೆಯುವ ರಂಗೋಲಿ ಹುಳು, ಹಕ್ಕಿ ಹಿಕ್ಕೆಯಂತೆ ಕಾಣುವ ನಿಂಬೆ ಚಿಟ್ಟೆಯ ಮರಿ ಇವು ಕಣ್ಣಿಗೆ ಬೀಳುತ್ತವೆ, ದೊಡ್ಡ ಗಿಡಕ್ಕೆ ಹೆಚ್ಚು ನಷ್ಟ ಮಾಡುವುದಿಲ್ಲ. ಮರಿಗಳನ್ನು ಕೈಯಲ್ಲೇ ಆರಿಸಿ, ಕರಿಬೇವಿನ ಗಿಡದಲ್ಲೂ ನೋಡಿ. ಇರುವೆ ಸಾಲು ಕಂಡರೆ ಮೇಲೆ ಹಿಟ್ಟು ತಿಗಣೆಯೋ ಸಸ್ಯಹೇನೋ ಇದೆ. ಸಸ್ಯಹೇನನ್ನು ಹಗುರವಾಗಿ ಎಣಿಸಬೇಡಿ, ಅದು ಟ್ರಿಸ್ಟೆಜಾ ಎಂಬ ವೈರಸ್ ತರುತ್ತದೆ, ಕಾಗ್ಜಿ ನಿಂಬೆ ಅದಕ್ಕೆ ಬೇಗ ಸೋಲುತ್ತದೆ. ಕಾಂಡದ ತೂತಿನಿಂದ ಮರದ ಹೊಟ್ಟು ಉದುರಿದ್ದರೆ ತಂತಿ ತೂರಿಸಿ ಹುಳು ಕೊಂದು, ಸೀಮೆಎಣ್ಣೆಯ ಹತ್ತಿ ತುರುಕಿ ಮಣ್ಣಿನಿಂದ ಮುಚ್ಚಿ.

ಮೋಸಂಬಿ, ಕಿತ್ತಳೆ ಹಣ್ಣಾಗುವ ಹೊತ್ತಿಗೆ ಸೂಜಿ ಚುಚ್ಚಿದಂಥ ತೂತು ಬಿದ್ದು, ಅದರ ಸುತ್ತ ಕೊಳೆತು ಉದುರುತ್ತಿದ್ದರೆ ಅದು ರಾತ್ರಿ ಬರುವ ರಸ ಹೀರುವ ಪತಂಗ. ಅದರ ಮರಿ ಬೆಳೆಯುವುದು ನಿಂಬೆಯ ಮೇಲಲ್ಲ, ಅಮೃತಬಳ್ಳಿಯ ಮೇಲೆ. ಔಷಧಿಗೆಂದು ಬೇಲಿಗೆ ಹಬ್ಬಿಸಿದ ಅಮೃತಬಳ್ಳಿಯ ಎಲೆಯಲ್ಲಿ ಕಣ್ಣಿನಂಥ ಚುಕ್ಕೆಗಳಿರುವ ಹುಳು ಕಂಡರೆ ಆರಿಸಿ ತೆಗೆಯಿರಿ, ಹಣ್ಣಿಗೆ ಕಾಗದದ ಚೀಲ ಕಟ್ಟಿ.

ಎಲೆ, ಕಾಯಿಯ ಮೇಲೆ ಒರಟು ಕಂದು ಕಜ್ಜಿ?

ಬ್ಯಾಕ್ಟೀರಿಯಾದ ಕಜ್ಜಿ ರೋಗ. ಕಾಯಿ ತಿನ್ನಲು ಕೆಡುವುದಿಲ್ಲ, ಆದರೆ ರೆಂಬೆ ಒಣಗಿ ಫಸಲು ಇಳಿಯುತ್ತದೆ. ಮಳೆಗೆ ಮೊದಲು ಕಜ್ಜಿ ರೆಂಬೆ ಕತ್ತರಿಸಿ ಸುಟ್ಟು, ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಸಿಂಪಡಿಸಿ. ಮಳೆಗಾಲದಲ್ಲಿ ಬಿಡುವು ಸಿಕ್ಕಾಗ ತಿಂಗಳಿಗೊಮ್ಮೆ.

ಕುಂಡದ ಗಿಡ ಏಕೆ ನಿಲ್ಲಿಸಿತು?

ಬೇರಿಗೆ ಜಾಗ ಮುಗಿದಿದೆ. ಕನಿಷ್ಠ 18 ಇಂಚಿನ ಕುಂಡ ಬೇಕು. ಎರಡು ಮೂರು ವರ್ಷಕ್ಕೊಮ್ಮೆ ಗಿಡ ಹೊರತೆಗೆದು, ಸುತ್ತುಗಟ್ಟಿದ ಬೇರನ್ನು ಒಂದು ಇಂಚು ಸವರಿ, ಹೊಸ ಮಣ್ಣಿನಲ್ಲಿ ಕೂರಿಸಿ. ಗೊಬ್ಬರ ತಿಂಗಳಿಗೊಮ್ಮೆ, ಒಂದೆರಡು ಹಿಡಿ ಎರೆಗೊಬ್ಬರದಷ್ಟು.

ಕಾಂಡಕ್ಕೆ ಮೊಳೆ ಹೊಡೆದರೆ, ಬುಡಕ್ಕೆ ಉಪ್ಪು ಹಾಕಿದರೆ ಕಾಯಿ ಬಿಡುತ್ತದೆಯಂತೆ?

ಬೇಡ. ಗಾಯವಾದ ಗಿಡ ಹೆದರಿ ಒಮ್ಮೆ ಹೂ ಬಿಡಬಹುದು, ಆದರೆ ಗೋಂದು ರೋಗಕ್ಕೆ ಬಾಗಿಲು ತೆರೆದಂತೆ. ಉಪ್ಪು ನೇರ ವಿಷ. ಒಲೆ ಬೂದಿಯಲ್ಲಿ ಪೊಟ್ಯಾಷ್ ಇದೆ, ಮಲೆನಾಡಿನ ಹುಳಿ ಮಣ್ಣಿಗೆ ಒಂದೆರಡು ಬೊಗಸೆ ಒಳ್ಳೆಯದು. ಎರೆ ಮಣ್ಣಿಗೆ ಹಾಕಿದರೆ ಕಬ್ಬಿಣದ ಕೊರತೆ ಹೆಚ್ಚುತ್ತದೆ.

ಯಾವಾಗ ಗಿಡ ಕಿತ್ತು ಹೊಸದು ನೆಡಬೇಕು?

ಗ್ರೀನಿಂಗ್ ಖಚಿತವಾದಾಗ, ಕಾಂಡದ ಸುತ್ತಳತೆಯಲ್ಲಿ ಅರ್ಧಕ್ಕಿಂತ ಹೆಚ್ಚು ತೊಗಟೆ ಕೊಳೆತಾಗ, ಅಥವಾ ಇಪ್ಪತ್ತು–ಇಪ್ಪತ್ತೈದು ವರ್ಷ ದಾಟಿದ ಗಿಡ ತುದಿಯಿಂದ ಒಣಗುತ್ತ ಬಂದಾಗ. ಅನುಮಾನವಿದ್ದರೆ ರೆಂಬೆಯೊಂದನ್ನು ಎಲೆ ಸಮೇತ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಹೊಸ ಗಿಡವನ್ನು ಅದೇ ಗುಂಡಿಯಲ್ಲಿ ನೆಡಬೇಡಿ, ಹತ್ತು ಅಡಿಯಾದರೂ ಸರಿಸಿ. ಎರಡೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಹದಿನೈದು ದಿನ ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ 15–20 ಕಿಲೊ ಕಳಿತ ಗೊಬ್ಬರ, ಒಂದು ಕಿಲೊ ಬೇವಿನ ಹಿಂಡಿ ಬೆರೆಸಿ ತುಂಬಿ. ಮುಂಗಾರು ಮಳೆ ಒಂದೆರಡು ಬಿದ್ದ ಮೇಲೆ, ಕಸಿಯ ಗಂಟು ನೆಲದಿಂದ ಅರ್ಧ ಅಡಿ ಮೇಲಿರುವಂತೆ ನೆಟ್ಟು ಕೋಲು ಕಟ್ಟಿ. ಮೊದಲ ಎರಡು ವರ್ಷ ಬಂದ ಹೂವನ್ನು ಕಿತ್ತುಹಾಕಿ.